ಬಣ್ಣದ ಅಡಿಯ ಚರಿತ್ರೆ

ಹಳೆಯ ಕಾರನ್ನು ಕೊಳ್ಳಲು ಹೊರಡುವವರು ಜೇಬಿನಲ್ಲಿ ಒಂದು ಪುಟ್ಟ ಅಯಸ್ಕಾಂತ ಇಟ್ಟುಕೊಳ್ಳಬೇಕು ಎಂಬುದು ಗ್ಯಾರೇಜುಗಳಲ್ಲಿ ಕೇಳಿಬರುವ ಬುದ್ಧಿವಾದ. ಹಳೆಯ ವಾಹನಗಳನ್ನು ಕುರಿತ ನಮ್ಮ ಮಾತುಕತೆ ಕಾರ್ಯಕ್ರಮಕ್ಕಾಗಿ ಬೆಂಗಳೂರಿನ ಒಂದು ಶೆಡ್ಡಿನಲ್ಲಿ ಚಿತ್ರೀಕರಣ ನಡೆಸಿದಾಗ ಈ ಮಾತಿನ ಅರ್ಥ ನಮಗೆ ಚೆನ್ನಾಗಿ ಮನದಟ್ಟಾಯಿತು. ಅಲ್ಲಿ 1950ರ ದಶಕದ ಒಂದು ಮಾರಿಸ್ ಮೈನರ್ ಕಾರು ನಿಂತಿತ್ತು. ಮಿರಮಿರನೆ ಮಿಂಚುವ ಹಸಿರು ಬಣ್ಣ, ಎಲ್ಲಿಯೂ ಒಂದು ಗೀರು ಕೂಡ ಇಲ್ಲ. ಮೆಕ್ಯಾನಿಕ್ ತೆಳುಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನ ಮೇಲ್ಭಾಗಕ್ಕೆ ತಾಗಿಸಿದರು, ಟಪ್ಪನೆ ಅಂಟಿಕೊಂಡಿತು. ಹಾಗೆಯೇ ಕೆಳಕ್ಕೆ ಜಾರಿಸುತ್ತ ಬಂದರು. ಬಾಗಿಲಿನ ತಳ ಇನ್ನೂ ನಾಲ್ಕು ಬೆರಳು ಇರುವಾಗಲೇ ಅದು ಹಿಡಿತ ಬಿಟ್ಟು ನೆಲಕ್ಕೆ ಬಿತ್ತು.

ಅಯಸ್ಕಾಂತ ಸುಳ್ಳು ಹೇಳುವುದಿಲ್ಲ. ಅಲ್ಲಿ ಉಕ್ಕಿನ ತಗಡು ಇರಲಿಲ್ಲ. ಬಣ್ಣವನ್ನು ಕೆರೆದಾಗ ಹೆಬ್ಬೆರಳಿನಷ್ಟು ದಪ್ಪನೆಯ ಪುಟ್ಟಿ ಕಂಡಿತು. ಪುಟ್ಟಿಯನ್ನು ಒಡೆದಾಗ ಒಳಗೆ ಮಡಿಸಿ ತುರುಕಿದ್ದ ಹಳೆಯ ವೃತ್ತಪತ್ರಿಕೆಯ ಹಾಳೆ ಸಿಕ್ಕಿತು. ಅದರ ಒಂದು ಮೂಲೆಯಲ್ಲಿ 1978 ಎಂಬ ಇಸವಿಯನ್ನು ಇನ್ನೂ ಓದಬಹುದಾಗಿತ್ತು. ತುಕ್ಕು ತಿಂದ ತೂತನ್ನು ಯಾರೋ ಕಾಗದದಿಂದ ಮುಚ್ಚಿ, ಪುಟ್ಟಿ ಮೆತ್ತಿ, ಬಣ್ಣ ಬಳಿದು, ಕಾರನ್ನು ಮುಂದಿನವರ ಕೈಗೆ ದಾಟಿಸಿದ್ದರು.

ಶಾಸನ, ನಾಣ್ಯ, ಮಡಕೆಯ ಚೂರುಗಳಿಂದ ಇತಿಹಾಸಕಾರರು ಕಾಲವನ್ನು ನಿರ್ಣಯಿಸುವುದನ್ನು ನೀವು ಪಠ್ಯಪುಸ್ತಕದಲ್ಲಿ ಓದಿದ್ದೀರಿ. ಇಲ್ಲಿಯೂ ಆದದ್ದು ಅದೇ. ಪತ್ರಿಕೆ 1978ರದ್ದಾದರೆ ಈ ದುರಸ್ತಿ ಅದಕ್ಕಿಂತ ಮೊದಲು ನಡೆದಿರಲಾರದು. ಹಳೆಯ ಕಾರು ಎಂದರೆ ಪದರ ಪದರವಾದ ಒಂದು ದಾಖಲೆ. ಅದರ ಪ್ರತಿಯೊಬ್ಬ ಹಿಂದಿನ ಮಾಲೀಕನೂ ಅದರಲ್ಲಿ ತನ್ನ ಕಾಲದ ಗುರುತನ್ನು ಬಿಟ್ಟುಹೋಗಿರುತ್ತಾನೆ. ಆ ಗುರುತುಗಳಲ್ಲಿ ಹಲವು ಕಳಪೆ ರಿಪೇರಿಗಳು. ಅವು ಏಕೆ ಹುಟ್ಟಿದವು, ಅವುಗಳಿಂದ ನಾವು ಕಲಿಯುವುದೇನು ಎಂಬುದನ್ನು ಇದೇ ಮಾರಿಸ್ ಮೈನರ್‌ನ ಉದಾಹರಣೆಯಿಂದ ನೋಡೋಣ.

ಹುಟ್ಟುವಾಗಲೇ ಒಂದು ಜೋಡಣೆ

ಎರಡನೆಯ ಮಹಾಯುದ್ಧ ಮುಗಿದ ಬಳಿಕ, 1948ರ ಅಕ್ಟೋಬರ್‌ನಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟಾರು ಪ್ರದರ್ಶನದಲ್ಲಿ ಮಾರಿಸ್ ಮೈನರ್ ಮೊದಲ ಬಾರಿಗೆ ಜನರ ಮುಂದೆ ಬಂತು. ಅದನ್ನು ರೂಪಿಸಿದವರು ಅಲೆಕ್ ಇಸ್ಸಿಗೋನಿಸ್. ಮುಂದೆ 1959ರಲ್ಲಿ ಬಂದ ಹೆಸರಾಂತ ಮಿನಿ ಕಾರನ್ನು ವಿನ್ಯಾಸಗೊಳಿಸಿದವರೂ ಇವರೇ.

ಮೈನರ್‌ನ ತಯಾರಿಕೆಗೆ ಸಿದ್ಧತೆ ಸಾಕಷ್ಟು ಮುಂದುವರಿದಿದ್ದಾಗ ಕಾರು ಸ್ವಲ್ಪ ಕಿರಿದಾಯಿತೆಂದು ಇಸ್ಸಿಗೋನಿಸ್ ಅವರಿಗೆ ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳಾಗಿ ಕತ್ತರಿಸಿ, ಹೋಳುಗಳನ್ನು ಬೇರೆ ಬೇರೆ ಅಂತರಕ್ಕೆ ಸರಿಸಿ ನೋಡಿದರು. 4 ಅಂಗುಲ ಅಗಲಿಸಿದಾಗ ಆಕಾರ ಒಪ್ಪವಾಗಿ ಕಂಡಿತು. ಮೈನರ್‌ನ ಬಾನೆಟ್ಟಿನ ನಡುವೆ ಹಾದುಹೋಗುವ ಚಪ್ಪಟೆ ಪಟ್ಟಿ ಆ ನಿರ್ಧಾರದ ಕುರುಹು. ಅಷ್ಟರಲ್ಲಿ ಬಂಪರುಗಳು ಹಳೆಯ ಅಳತೆಗೇ ತಯಾರಾಗಿಬಿಟ್ಟಿದ್ದವು. ಅವನ್ನು ನಡುವೆ ಕತ್ತರಿಸಿ, ಒಂದು ತುಂಡು ಸೇರಿಸಿ ಆರಂಭದ ಕಾರುಗಳಿಗೆ ಜೋಡಿಸಿದರು.

ಇದೂ ಒಂದು ತೇಪೆಯೇ. ಆದರೆ ಇದರಲ್ಲಿ ಮುಚ್ಚುಮರೆ ಇಲ್ಲ. ಸೇರಿಸಿದ ತುಂಡು ಬಂಪರಿನ ನಟ್ಟನಡುವೆ ಎಲ್ಲರಿಗೂ ಕಾಣುವಂತಿತ್ತು, ಗಟ್ಟಿಯಾಗಿಯೂ ಇತ್ತು. ತೇಪೆ ಹಾಕುವುದೇ ತಪ್ಪು ಎನ್ನುವವರು ಈ ಬಂಪರನ್ನು ನೆನೆಯಬೇಕು. 1971ರಲ್ಲಿ ತಯಾರಿಕೆ ನಿಲ್ಲುವ ವೇಳೆಗೆ ಸುಮಾರು 16 ಲಕ್ಷ ಮೈನರ್‌ಗಳು ರಸ್ತೆಗಿಳಿದಿದ್ದವು. 10 ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರು ಇದು.

ತುಕ್ಕು, ಪುಟ್ಟಿ ಮತ್ತು ಪರೀಕ್ಷೆ

ಹಿಂದಿನ ಕಾಲದ ಕಾರುಗಳಲ್ಲಿ ಲಾರಿಯಂತೆ ದಪ್ಪನೆಯ ಚಾಸಿ ಇರುತ್ತಿತ್ತು. ಅದರ ಮೇಲೆ ಬಾಡಿಯನ್ನು ಕೂರಿಸುತ್ತಿದ್ದರು. ಬಾಡಿಗೆ ತುಕ್ಕು ಹಿಡಿದರೂ ಭಾರ ಹೊರುವುದು ಚಾಸಿಯೇ. ಮೈನರ್‌ನಲ್ಲಿ ಹಾಗಿಲ್ಲ. ಅದರ ನೆಲ, ಬಾಗಿಲ ಕೆಳಗಿನ ಹೊಸ್ತಿಲು, ಅಡ್ಡಪಟ್ಟಿಗಳೆಲ್ಲ ತಗಡಿನ ಪೆಟ್ಟಿಗೆಗಳಂತೆ ಕೂಡಿಕೊಂಡು ಒಟ್ಟಾಗಿ ಭಾರ ಹೊರುತ್ತವೆ. ಮೊಟ್ಟೆಯ ಚಿಪ್ಪು ತೆಳುವಾದರೂ ಆಕಾರದ ಬಲದಿಂದ ಗಟ್ಟಿಯಾಗಿರುವಂತೆ ಇದು. ಚಿಪ್ಪು ಒಂದೆಡೆ ಬಿರುಕುಬಿಟ್ಟರೆ ಬಲವೆಲ್ಲ ಹೋಗುತ್ತದೆ. ಹೊಸ್ತಿಲಿನ ತುಕ್ಕು ಇಲ್ಲಿ ಅಂದಚೆಂದದ ಮಾತಲ್ಲ, ಪ್ರಾಣದ ಮಾತು.

ಬ್ರಿಟನ್ನಿನಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲಿನ ಹಿಮ ಕರಗಲೆಂದು ಉಪ್ಪು ಚೆಲ್ಲುತ್ತಾರೆ. ಉಪ್ಪುನೀರು ವಿದ್ಯುತ್ತನ್ನು ಸುಲಭವಾಗಿ ಸಾಗಿಸುವುದರಿಂದ ಕಬ್ಬಿಣದ ತುಕ್ಕು ಚುರುಕಾಗುತ್ತದೆ. ತುಕ್ಕಿಗೆ ಮೂಲ ಲೋಹಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಕು. ಎರಡು ತಗಡುಗಳ ನಡುವೆ ಅದು ಬೆಳೆದಂತೆ ಅವನ್ನು ದೂಡಿ ಅಗಲಿಸುತ್ತದೆ, ಆ ಸಂದಿಗೆ ಇನ್ನಷ್ಟು ನೀರು ನುಗ್ಗುತ್ತದೆ.

ಹಿಂದೆ ಬಾಡಿಯ ತಗ್ಗುಗಳನ್ನು ಸೀಸದ ಮಿಶ್ರಲೋಹ ಕರಗಿಸಿ ತುಂಬುತ್ತಿದ್ದರು. ಅದಕ್ಕೆ ನುರಿತ ಕೈ ಬೇಕಿತ್ತು. 1950ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂತು. ಎರಡು ಡಬ್ಬಿಯ ವಸ್ತುಗಳನ್ನು ಕಲಸಿ ಮೆತ್ತಿದರೆ ಕೆಲವೇ ನಿಮಿಷಗಳಲ್ಲಿ ಕಲ್ಲಿನಂತಾಗುತ್ತದೆ. ಉಜ್ಜಿ ಬಣ್ಣ ಹೊಡೆದರೆ ಗುರುತೇ ಸಿಗದು. ಚಿಕ್ಕ ತಗ್ಗು ತುಂಬಲು ಇದು ಒಳ್ಳೆಯ ವಸ್ತುವೇ. ಆದರೆ ಅದು ಉಕ್ಕಿನಂತೆ ಎಳೆತವನ್ನು ತಡೆಯಲಾರದು. ತೂತಿನ ಮೇಲೆ ಮೆತ್ತಿದಾಗ ಹಿಂಬದಿಯಿಂದ ಬರುವ ತೇವವನ್ನು ಹಿಡಿದಿಟ್ಟುಕೊಂಡು ತುಕ್ಕನ್ನೇ ಪೋಷಿಸುತ್ತದೆ.

ಇದೇ ಕಾಲಕ್ಕೆ ಸರ್ಕಾರವೂ ಎಚ್ಚೆತ್ತಿತು. 1960ರಲ್ಲಿ ಬ್ರಿಟನ್ನಿನಲ್ಲಿ ಎಂಓಟಿ ಎಂಬ ವಾಹನ ಪರೀಕ್ಷೆ ಆರಂಭವಾಯಿತು. ಮೊದಲಿಗೆ ಅದು 10 ವರ್ಷ ದಾಟಿದ ಕಾರುಗಳಿಗೆ ಮಾತ್ರ. ನೋಡುತ್ತಿದ್ದುದು ಬ್ರೇಕು, ದೀಪ, ಸ್ಟಿಯರಿಂಗ್ ಅಷ್ಟನ್ನೇ. ಅನುತ್ತೀರ್ಣವಾದ ಕಾರುಗಳು ಬಹಳವಾದ್ದರಿಂದ ಮಿತಿಯನ್ನು 7 ವರ್ಷಕ್ಕೆ, ಬಳಿಕ 1967ರಲ್ಲಿ 3 ವರ್ಷಕ್ಕೆ ಇಳಿಸಿದರು. 1977ರಲ್ಲಿ ಬಾಡಿ ಮತ್ತು ಚಾಸಿಯ ಸ್ಥಿತಿಯೂ ಪರೀಕ್ಷೆಯ ಪಟ್ಟಿಗೆ ಸೇರಿತು.

ಕಾನೂನಿನ ಉದ್ದೇಶ ಒಳ್ಳೆಯದಿತ್ತು. ಅದರಿಂದ ರಸ್ತೆಗಳು ಸುರಕ್ಷಿತವಾದದ್ದೂ ನಿಜ. ಆದರೆ ಪರೀಕ್ಷೆಗಾಗಿಯೇ ಓದುವ ವಿದ್ಯಾರ್ಥಿಗಳು ಇರುವಂತೆ ಪರೀಕ್ಷೆಗಾಗಿಯೇ ಕಾರು ರಿಪೇರಿ ಮಾಡುವವರೂ ಹುಟ್ಟಿಕೊಂಡರು. ಹಳೆಯ ಕಾರಿನ ಬೆಲೆಗಿಂತ ಸರಿಯಾದ ದುರಸ್ತಿಯ ಖರ್ಚೇ ಹೆಚ್ಚು. ಇನ್ನೊಂದು ವರ್ಷ ಓಡಿದರೆ ಸಾಕೆಂದು ಮಾಲೀಕ ತುಕ್ಕಿನ ಮೇಲೆಯೇ ಹೊಸ ತಗಡು ಬೆಸೆಸಿ, ಮೇಲೆ ಟಾರು ಬಳಿಸುತ್ತಿದ್ದ. ಮರುವರ್ಷ ಆ ತೇಪೆಯ ಮೇಲೆ ಇನ್ನೊಂದು ತೇಪೆ. ಕೆಲವರು ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಕೂರಿಸುತ್ತಿದ್ದರು. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅದೊಂದು ವಿದ್ಯುತ್ಕೋಶ. ಅಲ್ಯೂಮಿನಿಯಂ ಕರಗುತ್ತ ಹೋಗಿ ತೇಪೆ ಸಡಿಲಗೊಳ್ಳುತ್ತಿತ್ತು. ರಸಾಯನಶಾಸ್ತ್ರದ ನಿಯಮಗಳು ಪರೀಕ್ಷಕರ ಕಣ್ಣು ತಪ್ಪಿಸಿದವರನ್ನೂ ಬಿಡುವುದಿಲ್ಲ.

ಬದಲಾದ ಅಳತೆ, ಬರೆದಿಡದ ಬದಲಾವಣೆ

ಎಲ್ಲ ಕೆಟ್ಟ ರಿಪೇರಿಗೂ ಮೋಸವೇ ಕಾರಣವಲ್ಲ. ಗೊತ್ತಿಲ್ಲದೆ ಆದವೂ ಬಹಳ. ಬ್ರಿಟನ್ನಿನಲ್ಲಿ ಬೋಲ್ಟುಗಳ ಥ್ರೆಡ್‌ಗೆ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಒಂದು ಅಳತೆಯನ್ನು ಸೂಚಿಸಿದರು. ಅದರ ಕೋನ 55 ಡಿಗ್ರಿ. ಅಮೆರಿಕದ ಥ್ರೆಡ್‌ನ ಕೋನ 60 ಡಿಗ್ರಿ. ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳ ನಟ್ಟು ಬೋಲ್ಟುಗಳು ಒಂದಕ್ಕೊಂದು ಹೊಂದದೆ ತೊಂದರೆಯಾದ್ದರಿಂದ ಬ್ರಿಟನ್, ಅಮೆರಿಕ, ಕೆನಡಾ ದೇಶಗಳು 1948ರಲ್ಲಿ 60 ಡಿಗ್ರಿಯ ಸಮಾನ ಅಳತೆಗೆ ಒಪ್ಪಿದವು. ಮೈನರ್ ಹುಟ್ಟಿದ್ದೂ ಅದೇ ವರ್ಷ. ಹೀಗಾಗಿ ಆ ಕಾಲದ ಬ್ರಿಟಿಷ್ ಕಾರುಗಳಲ್ಲಿ ಹಳೆಯ ಮತ್ತು ಹೊಸ ಅಳತೆಗಳು ಬೆರೆತುಹೋದವು. ಕೈಗೆ ಸಿಕ್ಕ ಬೋಲ್ಟನ್ನು ಸ್ಪ್ಯಾನರ್‌ನಿಂದ ಬಲವಾಗಿ ತಿರುಗಿಸಿದವನಿಗೆ ಅದು ಬಿಗಿಯಾಯಿತು ಎಂದೇ ಅನ್ನಿಸುತ್ತದೆ. ನಿಜವಾಗಿ ಆದದ್ದು ಥ್ರೆಡ್ ಹರಿದದ್ದು.

ವಿದ್ಯುತ್ ವ್ಯವಸ್ಥೆಯ ಕಥೆಯೂ ಇಂಥದ್ದೇ. 1960ರ ದಶಕದವರೆಗೂ ಬಹುಪಾಲು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಧ್ರುವವನ್ನು ಕಾರಿನ ಬಾಡಿಗೆ ಜೋಡಿಸುತ್ತಿದ್ದರು. ಇಂದಿನ ಕಾರುಗಳಲ್ಲಿ ಇದು ತಿರುಗುಮುರುಗು. ಟ್ರಾನ್ಸಿಸ್ಟರ್ ರೇಡಿಯೋ ಹಾಕಿಸಲೆಂದು ಒಬ್ಬ ಮಾಲೀಕ ಧ್ರುವಗಳನ್ನು ಬದಲಿಸಿದ. ಅದು ತಪ್ಪಲ್ಲ. ಆದರೆ ಬದಲಿಸಿದ್ದನ್ನು ಎಲ್ಲಿಯೂ ಬರೆದಿಡಲಿಲ್ಲ. ಇಪ್ಪತ್ತು ವರ್ಷದ ಮೇಲೆ ಬಂದವನು ಕೈಪಿಡಿ ನೋಡಿಕೊಂಡು ಬ್ಯಾಟರಿ ಜೋಡಿಸಿದಾಗ ಉಪಕರಣ ಸುಟ್ಟುಹೋಯಿತು. ಇಲ್ಲಿ ಕೆಟ್ಟದ್ದು ಕೆಲಸವಲ್ಲ, ಕೆಲಸದ ದಾಖಲೆ.

ನಮ್ಮಲ್ಲಿ ನಡೆದದ್ದು

ಮೈನರ್ ನಮ್ಮ ದೇಶಕ್ಕೆ ಹೊಸದಲ್ಲ. ಹಿಂದೂಸ್ತಾನ್ ಮೋಟಾರ್ಸ್ ಇದನ್ನು ಬೇಬಿ ಹಿಂದೂಸ್ತಾನ್ ಎಂಬ ಹೆಸರಿನಲ್ಲಿ ಹೊರತಂದಿತ್ತು. ಇದೇ ಮಾರಿಸ್ ಮನೆತನದ ಆಕ್ಸ್‌ಫರ್ಡ್ ಕಾರು ಅಂಬಾಸಿಡರ್ ಆಗಿ 2014ರವರೆಗೂ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು.

ಸ್ವಾತಂತ್ರ್ಯಾನಂತರ ವಿದೇಶಿ ವಿನಿಮಯದ ಕೊರತೆಯಿಂದಾಗಿ ಕಾರುಗಳ ಆಮದಿಗೆ ಬಿಗಿ ನಿರ್ಬಂಧ ಬಂತು. ಇಲ್ಲಿಯೇ ಬಿಡಿಭಾಗಗಳನ್ನು ತಯಾರಿಸುವ ಯೋಜನೆ ಇಲ್ಲದ ಕಂಪನಿಗಳಿಗೆ ಅವಕಾಶವಿಲ್ಲವೆಂದಾದ ಮೇಲೆ, 1950ರ ದಶಕದ ಮೊದಲ ಭಾಗದಲ್ಲಿ, ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ತಮ್ಮ ಜೋಡಣಾ ಕಾರ್ಖಾನೆಗಳನ್ನು ಮುಚ್ಚಿದವು. ಕಾರುಗಳು ಮಾತ್ರ ಇಲ್ಲಿಯೇ ಉಳಿದವು. ಅವುಗಳ ಬಿಡಿಭಾಗ ಸಿಗುವುದು ಕಷ್ಟವಾಯಿತು. ಆಗ ನಮ್ಮ ಊರುಗಳ ಲೇತ್ ಕೆಲಸಗಾರರು, ಟಿಂಕರಿಂಗ್ ಮಾಡುವವರು, ವೆಲ್ಡರ್‌ಗಳು ಈ ಕಾರುಗಳ ಜೀವ ಉಳಿಸಿದರು. ಇಲ್ಲದ ಬುಷ್ಷನ್ನು ಕಡೆದು ಕೊಟ್ಟರು. ಒಂದು ಕಂಪನಿಯ ಕಾರಿಗೆ ಇನ್ನೊಂದರ ಎಂಜಿನ್ ಕೂರಿಸಿದರು. ಇಂಥ ಕೆಲಸಗಳಲ್ಲಿ ಜಾಣ್ಮೆಯೂ ಇತ್ತು, ಅಪಾಯವೂ ಇತ್ತು. ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಕಳಪೆ ಎಂದರೆ ಆ ಕೆಲಸಗಾರರಿಗೆ ಅನ್ಯಾಯ ಮಾಡಿದಂತೆ. ಯಾವುದು ಜಾಣ್ಮೆ, ಯಾವುದು ಅಪಾಯ ಎಂಬ ಪಾಠ ನನಗೆ ಸಿಕ್ಕಿದ್ದು ಮನೆಯಲ್ಲಿಯೇ.

ಮಾವನ ಕಾರು

1993ರಲ್ಲಿ ನಾನು ಹೈಸ್ಕೂಲಿನ ಹುಡುಗ. ತೀರ್ಥಹಳ್ಳಿಯಲ್ಲಿದ್ದ ನನ್ನ ಸೋದರಮಾವ ಹಳೆಯದೊಂದು ಮೈನರ್ ಕೊಂಡರು. ಬೇಸಿಗೆ ರಜೆ ಪೂರ್ತಿ ನಾನು ಅದರ ಸುತ್ತಲೇ ಇದ್ದೆ. ಮೈನರ್‌ನ ಮುಂದಿನ ಚಕ್ರಗಳನ್ನು ಹಿಡಿದಿಡುವ ಕಂಬದ ಕೆಳತುದಿ ಟ್ರನಿಯನ್ ಎಂಬ ಭಾಗದೊಳಗೆ ಬೋಲ್ಟಿನಂತೆ ತಿರುಪಿಕೊಂಡಿರುತ್ತದೆ. ಅಲ್ಲಿಗೆ ಆಗಾಗ ಗ್ರೀಸ್ ತುಂಬಬೇಕು. ತುಂಬದಿದ್ದರೆ ಥ್ರೆಡ್ ಸವೆದು, ಒಂದು ದಿನ ಕಂಬ ಕಳಚಿಕೊಳ್ಳುತ್ತದೆ. ಮಾರಿದವರು ಆ ಭಾಗವನ್ನು ಅಚ್ಚುಕಟ್ಟಾಗಿ ಕಪ್ಪು ಬಣ್ಣ ಹೊಡೆಸಿ ಹೊಸದರಂತೆ ಮಾಡಿಸಿದ್ದರು. ಗ್ರೀಸ್ ತುಂಬುವ ತೂತಿನ ಮೇಲೂ ಬಣ್ಣ ಕಟ್ಟಿತ್ತು.

ಕೊಂಡ ಎರಡನೆಯ ತಿಂಗಳು ಮನೆಯ ಗೇಟಿನ ಮುಂದೆ ತಿರುಗಿಸುವಾಗ ಎಡಚಕ್ರ ಮಡಚಿಕೊಂಡು ಕಾರು ಮುಗ್ಗರಿಸಿತು. ವೇಗ ಇರಲಿಲ್ಲವಾದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಆ ಬೆಳಿಗ್ಗೆಯಷ್ಟೇ ಮಾವ, ಅತ್ತೆ, ಮಕ್ಕಳೆಲ್ಲ ಅದೇ ಕಾರಿನಲ್ಲಿ ಆಗುಂಬೆ ಘಾಟಿ ಇಳಿದು ಹತ್ತಿ ಬಂದಿದ್ದರು. ಅತ್ತೆ ಗೇಟು ಹಿಡಿದು ನಿಂತವರು, "ಘಾಟಿಯಲ್ಲಿ ಆಗಿದ್ದರೆ ಏನು ಗತಿ?" ಎಂದು ಒಂದೇ ಮಾತು ಹೇಳಿದರು. ಮಾವ ಉತ್ತರ ಹೇಳಲಿಲ್ಲ.

ಇಷ್ಟಾದರೆ ಇದು ಮಾರಿದವರ ಮೇಲಿನ ದೂರಾಗಿ ಮುಗಿಯುತ್ತಿತ್ತು. ಆದರೆ ಕಥೆಗೆ ಇನ್ನೊಂದು ಭಾಗವಿದೆ. ಅದೇ ರಜೆಯಲ್ಲಿ ಕಾರಿನ ಫ್ಯೂಸ್ ಪದೇಪದೇ ಹೋಗುತ್ತಿತ್ತು. ತೀರ್ಥಹಳ್ಳಿಯಲ್ಲಿ ಆ ಫ್ಯೂಸ್ ಸಿಗಲಿಲ್ಲ. ನಾನು ಸಿಗರೇಟು ಪ್ಯಾಕಿನ ಬೆಳ್ಳಿಕಾಗದವನ್ನು ಸುಟ್ಟ ಫ್ಯೂಸಿಗೆ ಸುತ್ತಿ ಕೂರಿಸಿದೆ. ದೀಪ ಹತ್ತಿತು, ಹಾರನ್ ಕೂಗಿತು. "ಭೇಷ್ ಕಣೋ" ಎಂದು ಮಾವ ಬೆನ್ನು ತಟ್ಟಿದರು. ಮತ್ತೆ ಫ್ಯೂಸ್ ಹೋಗಲೇ ಇಲ್ಲ. ಎರಡು ವರ್ಷದ ನಂತರ ಮಾವ ಕಾರನ್ನು ಮಾರಿದರು. ಬೆಳ್ಳಿಕಾಗದ ಹಾಗೆಯೇ ಕಾರಿನ ಜೊತೆ ಹೋಯಿತು.

ಮುಂದೆ ಬಿ.ಎಸ್ಸಿ. ತರಗತಿಯಲ್ಲಿ ವಿದ್ಯುತ್ತಿನಿಂದ ಉಂಟಾಗುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂದು ಕಲಿತಾಗ ನಾನು ಮಾಡಿದ್ದೇನೆಂದು ಅರಿವಾಯಿತು. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು. ಮಿತಿ ಮೀರಿದಾಗ ತಾನು ಕರಗಿ ತಂತಿಯನ್ನು ಉಳಿಸುವುದು ಫ್ಯೂಸಿನ ಕೆಲಸ. ಮೈನರ್‌ನಲ್ಲಿ ಇದ್ದದ್ದು 35 ಆಂಪಿಯರ್‌ನ ಎರಡೇ ಫ್ಯೂಸುಗಳು. ನಾನು ಸುತ್ತಿದ ದಪ್ಪ ಕಾಗದ ಕರಗುವ ಮೊದಲೇ ಎಲ್ಲೋ ಒಳಗೆ ತಂತಿಯ ಹೊದಿಕೆ ಹತ್ತಿಕೊಳ್ಳಬಹುದಿತ್ತು. ಫ್ಯೂಸ್ ಪದೇಪದೇ ಹೋಗುತ್ತಿದ್ದುದು ಕಾರು ಹೇಳುತ್ತಿದ್ದ ಒಂದು ಮಾತು. ನಾನು ಅದರ ಬಾಯಿ ಕಟ್ಟಿದ್ದೆ. ಆ ಕಾರನ್ನು ಕೊಂಡವರ ಪಾಲಿಗೆ ಆ ಹಿಂದಿನ ಮಾಲೀಕನ ಮನೆಯ ಹುಡುಗ ನಾನೇ.

ಟ್ರನಿಯನ್‌ಗೆ ಬಣ್ಣ ಹೊಡೆಸಿದವರು ತಿಳಿದೂ ಮರೆಮಾಡಿದರೋ, ಅಥವಾ ಅವರಿಗೂ ತಿಳಿದಿರಲಿಲ್ಲವೋ ನಾನು ಹೇಳಲಾರೆ. ಆದರೆ ನಾನು ಮಾಡಿದ ತಪ್ಪಿನಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಅಪಾಯ ಮಾತ್ರ ಒಂದೇ.

ಮುಂದಿನವರಿಗೆ ಒಂದು ಚೀಟಿ

ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ 1964ರ ವೆನಿಸ್ ಸನ್ನದು ಒಂದು ಮುಖ್ಯ ತತ್ತ್ವವನ್ನು ಹೇಳಿತು: ಕಾಣೆಯಾದ ಭಾಗದ ಬದಲಿಗೆ ಸೇರಿಸುವ ಹೊಸ ಭಾಗ ಕಟ್ಟಡಕ್ಕೆ ಹೊಂದಿಕೊಳ್ಳಬೇಕು, ಆದರೆ ಮೂಲದಿಂದ ಬೇರೆಯೆಂದು ಗುರುತಿಸುವಂತೆಯೂ ಇರಬೇಕು. ಇದೇ ದಾರಿಯಲ್ಲಿ ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ ಟ್ಯೂರಿನ್ ಸನ್ನದನ್ನು ರೂಪಿಸಿ, 2013ರಲ್ಲಿ ಅನುಮೋದಿಸಿತು. ವಾಹನ ಬಳಕೆಯಲ್ಲಿದ್ದ ಕಾಲದ ಬದಲಾವಣೆಗಳೂ ಅದರ ಚರಿತ್ರೆಯ ಭಾಗ, ಮಾಡಿದ ಕೆಲಸವನ್ನು ದಾಖಲಿಸಬೇಕು ಎಂಬುದು ಅದರ ಆಶಯ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, ದೊಡ್ಡ ಬದಲಾವಣೆಗಳಿಗೆ ಒಳಗಾಗದ 40 ವರ್ಷ ದಾಟಿದ ಕಾರುಗಳಿಗೆ ಎಂಓಟಿ ಪರೀಕ್ಷೆ ಕಡ್ಡಾಯವಲ್ಲ. ಕಾರನ್ನು ಸುರಕ್ಷಿತವಾಗಿ ಇಟ್ಟುಕೊಳ್ಳುವ ಹೊಣೆ ಮಾಲೀಕನದು. ಪರೀಕ್ಷಕನ ಕಣ್ಣು ಇಲ್ಲದಾಗ ಉಳಿಯುವುದು ಅವರವರ ಪ್ರಾಮಾಣಿಕತೆಯೊಂದೇ.

ಬೆಂಗಳೂರಿನ ಶೆಡ್ಡಿನಲ್ಲಿ ಆ ಹಸಿರು ಮೈನರ್‌ನ ಬಾಗಿಲಿಗೆ ಕೊಳೆತ ಭಾಗವನ್ನು ಪೂರ್ತಿ ಕತ್ತರಿಸಿ ತೆಗೆದು, ಹೊಸ ಉಕ್ಕಿನ ತಗಡು ಬೆಸೆದರು. ನಮ್ಮ ಕ್ಯಾಮೆರಾ ಅದನ್ನೆಲ್ಲ ಚಿತ್ರೀಕರಿಸಿತು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಕೊನೆಯಲ್ಲಿ ಮೆಕ್ಯಾನಿಕ್ ಮಾಡಿದ ಕೆಲಸ. ಒಂದು ನೋಟ್‌ಬುಕ್ಕಿನಲ್ಲಿ ಅವರು ದಿನಾಂಕ ಹಾಕಿ, ಎಲ್ಲಿ ಕತ್ತರಿಸಿದೆ, ಎಷ್ಟು ದಪ್ಪದ ತಗಡು ಹಾಕಿದೆ, ಯಾವ ಬೋಲ್ಟು ಬದಲಿಸಿದೆ, ಯಾವುದನ್ನು ಇನ್ನೂ ಸರಿಪಡಿಸಬೇಕಾಗಿದೆ ಎಂದು ಕನ್ನಡದಲ್ಲಿ ಬರೆದರು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಾರಿನ ಖಾನೆಯಲ್ಲಿಟ್ಟರು. "ಮುಂದೆ ಬಿಚ್ಚುವವರು ನಮ್ಮನ್ನು ಬೈಯಬಾರದಲ್ಲ ಸಾರ್" ಎಂದು ನಕ್ಕರು.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಎಲ್ಲರೂ ಹಳೆಯ ಕಾರನ್ನು ಕೊಳ್ಳುವುದಿಲ್ಲ. ಆದರೆ ಮನೆಯ ಸ್ವಿಚ್‌ಬೋರ್ಡು, ತೋಟದ ಪಂಪ್‌ಸೆಟ್ಟು, ಅಣ್ಣನಿಂದ ತಮ್ಮನಿಗೆ ಬರುವ ಸೈಕಲ್ಲು, ಇವೆಲ್ಲವನ್ನೂ ನಿಮ್ಮ ಬಳಿಕ ಇನ್ನೊಬ್ಬರು ಬಿಚ್ಚುತ್ತಾರೆ. ಅನಿವಾರ್ಯವಾದಾಗ ತಾತ್ಕಾಲಿಕ ತೇಪೆ ಹಾಕಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಅದು ತಾತ್ಕಾಲಿಕ ಎಂದು ಒಂದು ಚೀಟಿ ಬರೆದು ಅಲ್ಲಿಯೇ ಅಂಟಿಸಿ. ತೀರ್ಥಹಳ್ಳಿಯ ಆ ಫ್ಯೂಸ್ ಪೆಟ್ಟಿಗೆಯ ಮೇಲೆ ನಾನು ಅಂಟಿಸದೆ ಬಿಟ್ಟ ಚೀಟಿ ಅದು.